ಬಾಲ್ಕನಿಯ ಬಾಡಿಗೆದಾರರು

ಬೆಂಗಳೂರಿನಲ್ಲಿ ಹಸಿ ಕಸಕ್ಕಿರುವ ಮರ್ಯಾದೆ ಒಣ ಕಸಕ್ಕಿಲ್ಲ. ಹಸಿ ಕಸವನ್ನು ಕರೆದೊಯ್ಯಲು ಬೆಳಗಾದರೆ ಆಟೋ ಟಿಪ್ಪರ್ ಹಾಡು ಹಾಕಿಕೊಂಡೇ ಬರುತ್ತದೆ. ಒಣ ಕಸ ಮಾತ್ರ ವಾರದ ಮುಹೂರ್ತಕ್ಕೆ ಕಾಯಬೇಕು. ‘ಎರಡು ಡಬ್ಬಿ, ಒಂದು ಚೀಲ’ ಎಂದು ಹೈಕೋರ್ಟ್ 2015ರಲ್ಲೇ ಹೇಳಿದೆ. ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ಡಯಾಪರ್, ಬ್ಯಾಂಡೇಜಿನಂಥವು, ಚೀಲಕ್ಕೆ ಒಣದ್ದು. ಒಂದೇ ಚೀಲ! ಆಗಿನ್ನೂ ಮನೆಗಳಿಗೆ ಇಷ್ಟೊಂದು ಪಾರ್ಸೆಲ್ ಬರುತ್ತಿರಲಿಲ್ಲ, ಪಾಪ.

ನಮ್ಮ ಬಾಲ್ಕನಿಗೆ ಈಗ ನಮಗೇ ಪ್ರವೇಶವಿಲ್ಲ. ಒಂದು ಬಾಚಣಿಗೆ ತರಿಸಿದರೂ ಮಿಕ್ಸಿ ಹಿಡಿಸುವಂಥ ರಟ್ಟಿನ ಡಬ್ಬ ಬರುತ್ತದೆ. ಬಿಚ್ಚಿ ಚಪ್ಪಟೆ ಮಾಡಿದರೆ ಜಾಗ ಉಳಿಯುತ್ತದೆ, ನಿಜ. ಮನೆಯವಳು ಬಿಡಬೇಕಲ್ಲ? “ಇರ್ಲಿ ರೀ, ದಸರಾ ಗೊಂಬೆ ಎತ್ತಿಡೋಕೆ ಬೇಕಾಗುತ್ತೆ.” ಗೊಂಬೆಗಳೆಲ್ಲ ಆಗಲೇ ಟ್ರಂಕಿನಲ್ಲಿ ಸುಖವಾಗಿವೆ.

ಹಾಲಿನ ಪ್ಯಾಕೆಟ್‌ನದು ಬೇರೆಯೇ ಮಡಿ. ಮೂಲೆ ಕತ್ತರಿಸುವಾಗ ತುಣುಕು ಕಳಚಿ ಬೀಳಬಾರದು; ಆ ಚೂರನ್ನು ಯಾರೂ ಆಯುವುದಿಲ್ಲ. ಆಮೇಲೆ ತೊಳೆದು ಒಣಗಿಸಬೇಕು, ಇಲ್ಲವಾದರೆ ಹುಳಿ ನಾತಕ್ಕೆ ಜಿರಲೆಗಳು ಸಂಸಾರ ಸಮೇತ ಬರುತ್ತವೆ. ಹೀಗಾಗಿ ಬಟ್ಟೆ ಹಗ್ಗದ ಮೇಲೆ ಪ್ಯಾಕೆಟ್‌ಗಳದೇ ಬಹುಮತ. ನನ್ನ ಬನಿಯನ್ ವಿರೋಧಪಕ್ಷದಲ್ಲಿದೆ.

ಹಳೇ ಪೇಪರಿಗೆ ಗುಜರಿಯವನಿದ್ದಾನೆ. ಉಪ್ಪಿನಕಾಯಿ, ಜಾಮಿನ ಬಾಟಲಿ ಕೊಡಹೋದರೆ ತಿರುಗಿಯೂ ನೋಡುವುದಿಲ್ಲ. “ಅದೆಲ್ಲಾ ಬೇಡ ಸಾರ್, ಬೀರ್ ಬಾಟಲಿ ಇದ್ರೆ ಕೊಡಿ, ನಾಚ್ಕೋಬೇಡಿ” ಎಂದು ಮೂರನೇ ಮಹಡಿಗೂ ಕೇಳುವಂತೆ ಕೂಗುತ್ತಾನೆ. ಎದುರು ಮನೆಯ ಜೋಯಿಸರು ಅಂದಿನಿಂದ ನನ್ನ ಕೈಚೀಲವನ್ನೇ ನೋಡುತ್ತಾರೆ.