ಕೈಪಿಡಿ ಬರೆಯುವವರ ಪಾಡು

ಸಾಫ್ಟ್‌ವೇರ್ ಬರೆದವರಿಗೆ ಚಪ್ಪಾಳೆ, ಅದರ ಕೈಪಿಡಿ ಬರೆದವರಿಗೆ ದೂರು. ಮದುವೆಮನೆಯಲ್ಲಿ ಬಡಿಸುವವರ ಹಾಗೆ: ಸಾರಿಗೆ ಉಪ್ಪು ಹೆಚ್ಚಾದರೂ ಬೈಗುಳ ಅವರಿಗೇ.

2003ರ ಜೂನ್‌ನಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನೇ ನೋಡಿ. ಅದು ಓಡುವುದು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆ. ಸಹಾಯ ಪುಟ ಬರೆಯುವವರು ಸಂಬಳವಿಲ್ಲದ ಸ್ವಯಂಸೇವಕರು. ಬೇರೆ ಭಾಷೆಗಳ ಪಟ್ಟಿ ಎಡಬದಿಯಲ್ಲಿದೆ ಎಂದು ಅವರು ಚಿತ್ರಸಮೇತ ವಿವರಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ವೆಕ್ಟರ್ 2022 ಎಂಬ ಹೊಸ ವಿನ್ಯಾಸ ಬಂತು. ಪಟ್ಟಿ ಪುಟದ ಮೇಲ್ಗಡೆಯ ಗುಂಡಿಯೊಳಗೆ ಹೋಗಿ ಕೂತಿತು. ಹಳೆಯ ಚಿತ್ರ ನಂಬಿದವರು ಎಡಬದಿಯನ್ನು ಕೆದಕುತ್ತಲೇ ಇರಬೇಕು!

ಇನ್ನು ಟೈಪಿಂಗ್. ಹಿಂದೂಪುರದಾಚೆಯ ಗೋರಂಟ್ಲದಲ್ಲಿ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವವರೊಬ್ಬರು ತಮ್ಮೂರಿನ ಬಗ್ಗೆ ಬರೆಯಲು ಕೂತರು ಎನ್ನಿ. ಎದುರಿಗೆ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕಗಪ ಎಂಬ ಆಯ್ಕೆಗಳು. ಪ್ರತಿಯೊಂದಕ್ಕೂ ಬೇರೆ ವಿವರಣೆ ಬೇಕು. ಕಂಟ್ರೋಲ್ ಜೊತೆ ಎಮ್ ಒತ್ತಿದರೆ ಕೀಲಿಮಣೆ ಕನ್ನಡಕ್ಕೂ ಇಂಗ್ಲಿಷಿಗೂ ಹೊರಳುತ್ತದೆ. ಆ ಒಂದು ಸಾಲು ಕೈಪಿಡಿಯಲ್ಲಿ ಬಿಟ್ಟುಹೋದರೆ ಲೇಖನ ಅರ್ಧಕ್ಕೇ ಇಂಗ್ಲಿಷಾಗುತ್ತದೆ.

ಕೈಪಿಡಿಯನ್ನು ಕನ್ನಡಕ್ಕೆ ತರುವ ಅನುವಾದಕರದು ಇನ್ನೊಂದು ಗೋಳು. ಮೂಲದಲ್ಲಿ ಯಾರೋ ಒಂದು ವಾಕ್ಯ ತಿದ್ದಿದರೂ ಅದರ ಕನ್ನಡ ಅನುವಾದಕ್ಕೆ ಹಳತಾಗಿದೆ ಎಂಬ ಗುರುತು ಬೀಳುತ್ತದೆ. ವ್ಯವಸ್ಥೆ ಒಳ್ಳೆಯದೇ, ಆದರೆ ತಿದ್ದುವುದಕ್ಕೆ ಮನುಷ್ಯರೇ ಬೇಕಲ್ಲ.

ಆದ್ದರಿಂದ ಸಹಾಯ ಪುಟದಲ್ಲಿ ತಪ್ಪು ಕಂಡರೆ ಗೊಣಗಬೇಡಿ, ‘ಸಂಪಾದಿಸಿ’ ಒತ್ತಿ. ಧೈರ್ಯ ಸಾಲದಿದ್ದರೆ ಅಲ್ಲೇ ‘ಅರಳಿ ಕಟ್ಟೆ’ ಎಂಬ ಚರ್ಚೆಯ ಜಾಗವಿದೆ, ಬಂದು ಹೇಳಿ.