ಕೋಣ ಕೊಂದವಳ ಊರೋ, ಕರು ಕಟ್ಟಿಕೊಂಡವನ ಊರೋ

ನಮ್ಮ ಮನೆಯಲ್ಲಿ ಯಾವ ವಿಷಯಕ್ಕೆ ಸಭೆ ಸೇರಿದರೂ ಆ ವಿಷಯ ಗೊತ್ತಿಲ್ಲದವರದ್ದೇ ಬಹುಮತ. ಅಕ್ಕನ ಮಗ ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಾನೆ. ಬೇಸಿಗೆ ರಜೆಯಲ್ಲಿ ಕೆಲಸ ಕಲಿಯಲು ಅವನಿಗೆ ಎರಡು ಕಡೆಯಿಂದ ಕರೆ ಬಂದಿತ್ತು. ಒಂದು ವಿಜಯವಾಡದ ಹೊರವಲಯದಲ್ಲಿರುವ ಎಮ್ಮೆ ಫಾರ್ಮು. ಇನ್ನೊಂದು ವಿಶಾಖಪಟ್ಟಣದ ಹತ್ತಿರ, ಸಿಂಹಾಚಲದ ಕಡೆ, ಓಂಗೋಲು ದನಗಳ ಫಾರ್ಮು. ಎರಡೂ ಕಡೆ ಊಟ, ವಸತಿ, ಮೇಲೊಂದಿಷ್ಟು ಕೈಖರ್ಚು. ಎರಡೂ ಊರನ್ನು ನಮ್ಮ ವಂಶದಲ್ಲಿ ಯಾರೂ ಕಂಡವರಲ್ಲ. ನಾನು ಮಾತ್ರ ಒಮ್ಮೆ ರೈಲಿನಲ್ಲಿ ಹೋಗುವಾಗ ವಿಜಯವಾಡದ ಪ್ಲಾಟ್‌ಫಾರ್ಮಿನಲ್ಲಿ ಇಡ್ಲಿ ತಿಂದಿದ್ದೆ. ಹೀಗಾಗಿ ಆಂಧ್ರದ ತಜ್ಞ ಎಂಬ ಪಟ್ಟ ನನಗೇ ಬಂತು.

ಹುಡುಗ ಫೋನಿನಲ್ಲಿ 'ರ‍್ಯಾಂಚ್' ಎಂದು ಬಾಯಿಬಿಟ್ಟದ್ದೇ ತಪ್ಪಾಯಿತು. ಭಾವನವರ ತಲೆಯಲ್ಲಿ ಅಗಲ ಟೊಪ್ಪಿಗೆ, ಸೊಂಟದಲ್ಲಿ ಪಿಸ್ತೂಲು, ಕುದುರೆಯ ಮೇಲೆ ಮಗ. ಜಮಖಂಡಿಯ ಟಾಕೀಸಿನಲ್ಲಿ ಹರೆಯದಲ್ಲಿ ನೋಡಿದ್ದೆಲ್ಲ ಒಟ್ಟಿಗೆ ನೆನಪಾಯಿತು. "ನಮ್ಮ ಕಡೆ ಅದಕ್ಕೆ ಕಾವಲು ಅಂತಾರ ಭಾವ. ಅಜ್ಜಂಪುರದ ಅಮೃತಮಹಲ್ ಕಾವಲು ನೋಡೀರಲ್ಲ, ಅಂಥಾದ್ದು" ಎಂದೆ. ಕಾವಲು ಅಂದಕೂಡಲೇ ಭಾವನ ಕಣ್ಣಿನ ಹೊಳಪು ಇಳಿಯಿತು. "ಅಂದ್ರ ದನಾ ಕಾಯೂದು? ಅದಕ್ಕ ಬೀದರಿಗೆ ಯಾಕ ಕಳಿಸಬೇಕಿತ್ತು, ನಮ್ಮ ಹಿತ್ತಲದಾಗ ಇರಲಿಲ್ಲೇನು?"

ಈ ಮಾತಿಗೆ ಅಳಿಯ ಮೊಬೈಲ್ ತೆರೆದು ಬ್ರೆಜಿಲ್ಲನ್ನೇ ಪಡಸಾಲೆಗೆ ತಂದ. ಅಲ್ಲಿನ ಸಾವಿರಾರು ಎಕರೆಯ ಹುಲ್ಲುಗಾವಲುಗಳಲ್ಲಿ ಮೇಯುವ 'ನೆಲೋರೆ' ದನಗಳು ಮೂಲದಲ್ಲಿ ನಮ್ಮ ಓಂಗೋಲು, ನೆಲ್ಲೂರು ಕಡೆಯಿಂದ ಹಡಗು ಹತ್ತಿ ಹೋದವು. ಅಮೆರಿಕದ ಬ್ರಾಹ್ಮನ್ ತಳಿ ಕಟ್ಟುವಾಗ ಗೀರ್, ಓಂಗೋಲುಗಳ ಜೊತೆಗೆ ನಮ್ಮ ಕೃಷ್ಣಾ ತೀರದ ದನಗಳ ರಕ್ತವೂ ಸೇರಿದೆ. 2023ರಲ್ಲಿ ವಿಯಾಟಿನಾ-19 ಎಂಬ ಒಂದೇ ಒಂದು ನೆಲೋರೆ ಹಸುವಿಗೆ ನಲವತ್ತು ಲಕ್ಷ ಡಾಲರಿಗೂ ಹೆಚ್ಚು ಬೆಲೆ ಕಟ್ಟಲಾಯಿತು. ಭಾವ ಅದನ್ನು ರೂಪಾಯಿಗೆ ತಿರುಗಿಸಿ, ಮೂವತ್ತು ಕೋಟಿ ದಾಟುತ್ತದೆಂದು ಕಂಡಾಗ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿನ್ನ ಓದಿಸೂ ಬದಲು ಒಂದು ಕರಾ ಸಾಕಬೇಕಿತ್ತು."

ಅಲ್ಲಿಗೆ ಓಂಗೋಲು ಪಕ್ಷ, ಅಂದರೆ ವಿಶಾಖಪಟ್ಟಣ ಪಕ್ಷ, ಬಲವಾಯಿತು. ನಾನೂ ಅದೇ ಪಕ್ಷ. ನನ್ನ ಕಾರಣ ಬಿಸಿಲು. ವಿಜಯವಾಡದಲ್ಲಿ ಮೇ ತಿಂಗಳಲ್ಲಿ ಪಾದರಸ 45 ಡಿಗ್ರಿ ದಾಟುವುದುಂಟು. ನಾನು ಇಡ್ಲಿ ತಿಂದದ್ದೂ ಅಂಥದೇ ದಿನ. ಚಟ್ನಿಗಿಂತ ಮೊದಲು ನಾನೇ ಹಳಸಿದ್ದೆ. ಇದಕ್ಕೆ ವಿದ್ಯಾವಂತರ ಸಾಕ್ಷಿಯೂ ನನ್ನಲ್ಲಿತ್ತು. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಶುರುವಾದದ್ದು ವಿಜಯವಾಡದಲ್ಲಿ. ನಾಲ್ಕೇ ವರ್ಷ. 1930ರಲ್ಲಿ ಗಂಟುಮೂಟೆ ಕಟ್ಟಿಕೊಂಡು ವಿಶಾಖಪಟ್ಟಣದ ವಾಲ್ಟೇರಿಗೆ, ಸಮುದ್ರದ ಗಾಳಿಗೆ, ಹೊರಟುಹೋಯಿತು. ಆಗಿನ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿ. ಅವರ ನಂತರ ಬಂದವರು ರಾಧಾಕೃಷ್ಣನ್. ಇಬ್ಬರೂ ಅದಕ್ಕೆ ಮೊದಲು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಮೈಸೂರಿನ ತಂಪು ಉಂಡವರು ವಿಜಯವಾಡದ ಬಿಸಿಲಲ್ಲಿ ಹೇಗೆ ಕೂತಾರು? ಜಾಗ ಬದಲಾಗಲು ಬೇರೆ ಘನವಾದ ಕಾರಣಗಳಿದ್ದಿರಬಹುದು. ನಮ್ಮ ಪಡಸಾಲೆಗೆ ಇಷ್ಟು ಸಾಕಾಗಿತ್ತು.

ಪಕ್ಕದ ಮನೆಯ ನಿವೃತ್ತ ಮಾಸ್ತರರು ಕರೆಯದೆಯೇ ಬಂದು ಕೂತಿದ್ದರು. ಅವರು ಇತಿಹಾಸ ಕಲಿಸಿದವರು. ಪಕ್ಷ ಕಟ್ಟುವವರಲ್ಲ, ಒಡೆಯುವವರು. "ಕೃಷ್ಣದೇವರಾಯ ಏನ ಮಾಡಿದ?" ಎಂದರು. ಯಾರೂ ಉತ್ತರ ಕೊಡಲಿಲ್ಲ. ಅವರಿಗೆ ಅದು ಬೇಕೂ ಇರಲಿಲ್ಲ. ಗಜಪತಿಯ ಮೇಲೆ ದಂಡೆತ್ತಿ ಹೋದ ರಾಯ ಮೊದಲು ಉದಯಗಿರಿ, ಆಮೇಲೆ ಕೊಂಡವೀಡು, ಆಮೇಲೆ ವಿಜಯವಾಡದ ಮಗ್ಗುಲಿಗೇ ಇರುವ ಕೊಂಡಪಲ್ಲಿ ಗೆದ್ದ. ಅಲ್ಲಿಂದ ಮುಂದೆ ನಡೆದು 1516ರಲ್ಲಿ ಸಿಂಹಾಚಲಕ್ಕೆ ಹೋಗಿ ನರಸಿಂಹನಿಗೆ ಒಡವೆ ಅರ್ಪಿಸಿ ಶಾಸನ ಹಾಕಿಸಿದ. "ಅಂದ್ರ ಎರಡೂ ಕಡಿ ಹೋದ. ಆರಿಸಲಿಕ್ಕೆ ಕೂಡಲಿಲ್ಲ." ಮಾಸ್ತರರ ಮಾತು ಎಂದಿನಂತೆ ಸರಿಯಾಗಿತ್ತು, ಎಂದಿನಂತೆ ಉಪಯೋಗವಿರಲಿಲ್ಲ. ರಾಯನಿಗೆ ಜುಲೈಯಲ್ಲಿ ಕಾಲೇಜು ಶುರುವಾಗುತ್ತಿರಲಿಲ್ಲ.

ಭಾವ ದೊಡ್ಡಾಟದಲ್ಲಿ ಅರ್ಜುನನ ವೇಷ ಹಾಕಿದವರು. ವಿಜಯವಾಡದ ಬೆಟ್ಟದ ಹೆಸರು ಇಂದ್ರಕೀಲಾದ್ರಿ ಎಂದು ಅಳಿಯ ಹೇಳಿದ್ದೇ ತಡ, ಕೂತಲ್ಲೇ ಭುಜಕೀರ್ತಿ ಕಟ್ಟಿಕೊಂಡವರಂತೆ ಎದೆಯುಬ್ಬಿಸಿದರು. "ಅರ್ಜುನ ತಪಸ್ಸು ಮಾಡಿದ ಗುಡ್ಡಾ!" ಪಕ್ಷಾಂತರ ಅಲ್ಲಿಯೇ ಆಯಿತು. ನನಗೆ ಮಾತ್ರ ಅರ್ಜುನನ ಆ ನೌಕರಿಯ ಷರತ್ತುಗಳು ಹಿಡಿಸಲಿಲ್ಲ. ಊಟವಿಲ್ಲ, ವಸತಿಯಿಲ್ಲ, ಒಂಟಿಕಾಲಲ್ಲಿ ನಿಲ್ಲುವುದು. ಕೊನೆಗೆ ಮೇಲಧಿಕಾರಿಯೇ ಬೇಡನ ವೇಷದಲ್ಲಿ ಬಂದು, ಒಂದು ಹಂದಿಗೆ ಯಾರ ಬಾಣ ಮೊದಲು ನಾಟಿತೆಂದು ಜಗಳ ತೆಗೆದು, ಚೆನ್ನಾಗಿ ಗುದ್ದಿ, ಆಮೇಲೆ ಮೆಚ್ಚಿದೆನೆಂದು ಪಾಶುಪತಾಸ್ತ್ರದ ಸರ್ಟಿಫಿಕೇಟು ಕೊಡುವುದು. ಪಾಂಡವರಲ್ಲಿ ಈ ವಿಷಯಕ್ಕೆ ಕೇಳಬೇಕಾದವನು ಸಹದೇವ. ವಿರಾಟನ ಅರಮನೆಗೆ ಹೋಗಿ, ಸುಳ್ಳು ಹೆಸರು ಹೇಳಿ, ಧರ್ಮರಾಯನ ದನಗಳನ್ನು ನೋಡಿಕೊಂಡ ಅನುಭವವಿದೆ ಎಂದು ನಿಜ ಹೇಳಿ, ದನದ ಕೊಟ್ಟಿಗೆಯ ಯಜಮಾನಿಕೆ ಹಿಡಿದ. ಅಪರಿಚಿತ ಊರಿನಲ್ಲಿ ಸಂದರ್ಶನ ಪಾಸಾದವನು ಅವನು. ಆದರೆ ದೊಡ್ಡಾಟದಲ್ಲಿ ಸಹದೇವನ ವೇಷಕ್ಕೆ ಯಾರು ಜಗಳಾಡುತ್ತಾರೆ?

ಇಷ್ಟು ಹೊತ್ತೂ ಅವ್ವ ಗೋಡೆಗೆ ಒರಗಿ ಶೇಂಗಾ ಒಡೆಯುತ್ತಿದ್ದಳು. "ಆ ಗುಡ್ಡದ ಮ್ಯಾಲ ಯಾವ ದೇವರ?" ಎಂದು ಕೇಳಿದಳು. ಕನಕದುರ್ಗೆ, ಮಹಿಷನನ್ನು ಕೊಂದ ತಾಯಿ, ಎಂದ ಅಳಿಯ. ಅವ್ವನ ಕೈ ನಿಂತಿತು. "ಕ್ವಾಣಾ ಕೊಂದಾಕಿ ಕಾಲಾಗ ಕುಂತು ಎಮ್ಮಿಗೆ ಔಷಧ ಕೊಡ್ತಿ ಏನಪಾ?" ಇಡೀ ಸಭೆಯಲ್ಲಿ ಪಶುವೈದ್ಯಕ್ಕೆ ಸಂಬಂಧಪಟ್ಟ ಮೊದಲ ಪ್ರಶ್ನೆ ಅದು. ಇನ್ನೊಂದು ಊರಿನ ದೇವರ ವಿಚಾರಣೆಯೂ ನಡೆಯಿತು. ಸಿಂಹಾಚಲದ ಅಪ್ಪಣ್ಣನಿಗೆ ಭಕ್ತರು ಹರಕೆಯಾಗಿ ಗಂಡುಗರುಗಳನ್ನು ಬಿಡುತ್ತಾರೆ, ಗುಡಿಯವರೇ ಗೋಶಾಲೆ ನಡೆಸುತ್ತಾರೆ. ದೇವರಿಗೆ ವರ್ಷವಿಡೀ ಮೈತುಂಬ ಗಂಧದ ಲೇಪ. ಅಕ್ಷಯ ತೃತೀಯದ ದಿನ ಮಾತ್ರ ನಿಜರೂಪ ದರ್ಶನ. "ಕರಾ ಕಟಗೊಂಡು, ಗಂಧಾ ಹಚಗೊಂಡು ತಂಪಾಗಿ ಕುಂತಾನ. ಅಲ್ಲೇ ಹೋಗ" ಎಂದು ತೀರ್ಪು ಕೊಟ್ಟಳು.

ತೀರ್ಪು ಉಳಿದದ್ದು ಒಂದು ಶೇಂಗಾ ಒಡೆಯುವಷ್ಟು ಹೊತ್ತು. ನಮ್ಮೂರ ಹೊಳೆ ಕೃಷ್ಣೆಯೇ ಆಲಮಟ್ಟಿ ದಾಟಿ, ಆಂಧ್ರ ಸೇರಿ, ಅದೇ ಗುಡ್ಡದ ಬುಡದಲ್ಲಿ ಪ್ರಕಾಶಂ ಬ್ಯಾರೇಜಿನ ಹಿಂದೆ ನಿಲ್ಲುತ್ತಾಳೆಂದು ಮಾಸ್ತರರು ಬಾಯಿ ಹಾಕಿದರು. ಅವ್ವ ಮೆತ್ತಗಾದಳು. "ನಮ್ಮ ಹೊಳೀನ ಅಲ್ಲೀಗೂ ಹೋಗತೈತಿ?" ಮಾಸ್ತರರು ಬಿಡಲಿಲ್ಲ. ಪಂಪನ ಹಿರಿಯರು ವೆಂಗಿಯ ಕಡೆಯವರು, ಆ ವೆಂಗಿ ವಿಜಯವಾಡದಿಂದ ಬಹಳ ದೂರವಿಲ್ಲ, ಅವರು ಇತ್ತ ಬಂದು ಕವಿ ಹುಟ್ಟಿದ, ನಾವು ಅತ್ತ ಒಬ್ಬ ದನದ ಡಾಕ್ಟರನ್ನು ಕಳಿಸಿದರೆ ಲೆಕ್ಕ ಚುಕ್ತಾ, ಎಂದರು. ಲೆಕ್ಕದಲ್ಲಿ ಯಾರಿಗೆ ನಷ್ಟ ಎಂದು ಹೇಳಲಿಲ್ಲ.

ನಾವು ಹೀಗೆ ದೇವರು, ರಾಜರು, ಕುಲಪತಿಗಳನ್ನೆಲ್ಲ ವಿಚಾರಿಸುತ್ತಿರುವಾಗ ಹುಡುಗ ಅಂಗಳಕ್ಕೆ ಹೋಗಿ ಎರಡೂ ಫಾರ್ಮುಗಳಿಗೆ ಫೋನು ಹಚ್ಚಿದ್ದ. ಬೀದರಿನ ಹಾಸ್ಟೆಲಿನಲ್ಲಿ ಕಲಿತ ತೆಲುಗಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಮಧ್ಯಾಹ್ನ ದನಗಳು ಎಲ್ಲಿರುತ್ತವೆ? ಸಿಂಹಾಚಲದ ಕಡೆಯ ಮಾಲೀಕರು ಒಂದು ವಿಡಿಯೋ ಕಳಿಸಿದರು. ಡ್ರೋನಿನಿಂದ ತೆಗೆದದ್ದು, ದೊಡ್ಡ ಕಮಾನು, ಹೆಸರಿನ ಫಲಕ, ತೆಂಗಿನ ಸಾಲು, ಹಿನ್ನೆಲೆಗೆ ನಾಗಸ್ವರ. ಮೊದಲಿನಿಂದ ಕೊನೆಯವರೆಗೆ ಒಂದು ಬಾಲವೂ ಕಾಣಲಿಲ್ಲ. ವಿಜಯವಾಡದ ಮಾಲೀಕರು ತಮಗೆ ಗೊತ್ತಿಲ್ಲವೆಂದು ಫೋನನ್ನು ದನ ನೋಡುವ ಮುದುಕನ ಕೈಗೆ ಕೊಟ್ಟರು.

ಮುದುಕ ಬಿಡಿಸಿ ಬಿಡಿಸಿ ಹೇಳಿದನಂತೆ. ಎಮ್ಮೆಯ ಚರ್ಮ ಕರಿ, ಬೆವರುವುದೂ ಕಡಿಮೆ. ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಿಂದ ಕದಲಿಸುವುದಿಲ್ಲ. ಬೆನ್ನ ಮೇಲೆ ಪೈಪಿನಲ್ಲಿ ನೀರು ಬಿಡುತ್ತೇವೆ. ಹಸಿರು ಮೇವು ಬೆಳಗಿನ ಜಾವಕ್ಕೆ, ರಾತ್ರಿಗೆ. ಈ ಸೆಕೆಗೆ ಎಮ್ಮೆ ಬೆದೆಗೆ ಬಂದರೂ ಕೂಗುವುದಿಲ್ಲ, ಮೂಕ ಬೆದೆ. ನಸುಕಿನಲ್ಲಿ ಲಾಟೀನು ಹಿಡಿದು ಮಲಗಿದ ಎಮ್ಮೆಯ ಹಿಂದೆ ಕೂತು, ನೆಲದ ಮೇಲೆ ಗಾಜಿನಂಥ ಲೋಳೆ ಬಿದ್ದಿದೆಯೇ ಎಂದು ನೋಡಬೇಕು. ತಪ್ಪಿದರೆ ಇನ್ನು ಮೂರು ವಾರ ಕಾಯಬೇಕು. ನನ್ನ ಕಣ್ಣು ಈಗ ಮಂಜು. ಅಲ್ಲದೆ ಮೂರನೇ ಸಾಲಿನ ಎಮ್ಮೆ ನಿನ್ನೆಯಿಂದ ಮೇವು ಮುಟ್ಟಿಲ್ಲ. ನೀವು ಯಾವಾಗ ಬರುತ್ತೀರಿ, ಬಾಬು?

ಹುಡುಗ ಒಳಗೆ ಬಂದವನು ನಮಗೆ ಏನನ್ನೂ ಹೇಳಲಿಲ್ಲ. ಇದೆಲ್ಲ ಆಮೇಲೆ ತಿಳಿದದ್ದು. "ಟಿಕೆಟ್ ತೆಗಸ್ತೀನಿ ಮಾಮಾ" ಎಂದ, ಅಷ್ಟೇ. ಹುಬ್ಬಳ್ಳಿಯಿಂದ ಹೌರಾದ ಕಡೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಎರಡೂ ಊರನ್ನು ಮುಟ್ಟುತ್ತದೆ. ಮೊದಲು ವಿಜಯವಾಡ; ಅಲ್ಲಿಂದ ಮುನ್ನೂರೈವತ್ತು ಕಿಲೋಮೀಟರಿನ ಆಚೆ ವಿಶಾಖಪಟ್ಟಣ. ಸಭೆಯಲ್ಲಿ ಯಾರಿಗೂ ಬೇಸರವಾಗಬಾರದೆಂದೋ, ವಿಜಯವಾಡಕ್ಕೆ ಸೀಟು ಸಿಗಲಿಲ್ಲವೆಂದೋ, ಟಿಕೆಟ್ಟಿನ ಮೇಲೆ ವಿಶಾಖಪಟ್ಟಣವೇ ಇತ್ತು. ಅವ್ವ ಅದನ್ನು ಓದಿಸಿ ಕೇಳಿ ಸಮಾಧಾನಪಟ್ಟು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ಗುಂಟೂರಿನ ಮೇಲೆ ಹಾದುಹೋಗುವವನಿಗೆ ಬ್ಯಾಡಗಿ ಮೆಣಸಿನಕಾಯಿಯ ಖಾರವನ್ನೂ ಒಂದು ಡಬ್ಬಿ ಕೊಟ್ಟಳು. ಆ ನಾಡಿಗೆ ಖಾರ ಹೊತ್ತೊಯ್ದ ಮೊದಲ ಮನುಷ್ಯ ಇವನೇ ಇರಬೇಕು.

ಮರುದಿನ ಬೆಳಿಗ್ಗೆ ಸಂದೇಶ ಬಂತು: "ಇಳದೇನಿ. ಭಾಳ ಸೆಕಿ."

ಭಾವ ಒಂದು ಕಡೆ, ಅವ್ವ ಒಂದು ಕಡೆ, ಇಬ್ಬರೂ ಗೆದ್ದರು. ಸೆಕೆ ಎರಡೂ ಊರಿನ ಗುಣ. ಒಂದು ಸುಡುತ್ತದೆ, ಇನ್ನೊಂದು ಅಂಟುತ್ತದೆ. ಕೊನೆಗೆ ಮಾಸ್ತರರು ರೈಲಿನ ವೇಳಾಪಟ್ಟಿ ತಂದು, ಸಂದೇಶ ಬಂದ ಹೊತ್ತಿಗೆ ಗಾಡಿ ಎಲ್ಲಿರಬೇಕೆಂದು ಬೆರಳಿಟ್ಟು, ವಿಶಾಖಪಟ್ಟಣಕ್ಕೆ ಇನ್ನೂ ಆರೇಳು ತಾಸಿನ ಹಾದಿ ಇತ್ತೆಂದು ಸಾಧಿಸಿದರು. ಅವ್ವ ವೇಳಾಪಟ್ಟಿಯನ್ನು ನಂಬಲಿಲ್ಲ. ಗಾಡಿ ಇವತ್ತು ಬೇಗ ಹೋಗಿರಬೇಕು ಎಂದಳು. ಭಾರತೀಯ ರೈಲ್ವೆಯ ಮೇಲೆ ಇಷ್ಟು ವಿಶ್ವಾಸವಿಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಜೆ ಹುಡುಗನೇ ಫೋನು ಮಾಡಿದ. ಮೂರನೇ ಸಾಲಿನ ಎಮ್ಮೆ ಮೇವು ಹಿಡಿದಿತ್ತು. ಆಯಿಗೆ ಫೋನು ಕೊಡಿ ಎಂದ, ಇನ್ನೂ ನಾಲ್ಕು ಬನಿಯನ್ ಕಳಿಸಿ ಎಂದ, ಖಾರದ ಡಬ್ಬಿಯನ್ನು ಮುದುಕ ತನಗೆ ಸಪ್ಪೆಯಾಯಿತೆಂದು ತಿರುಗಿ ಕೊಟ್ಟನೆಂದೂ ಹೇಳಿದ.