ಪಾರಿಜಾತಮ್ಮನವರಿಗೆ ಕೆಂಗೇರಿಯಿಂದ ಒಂದು ಪತ್ರ



ಬೆಂಗಳೂರು ಉಪನಗರ ರೈಲಿನ ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರು; ಅವುಗಳಲ್ಲಿ ಸಂಪಿಗೆ, ಮಲ್ಲಿಗೆ, ಕನಕ ಬೇರೆಯವರ ಪಾಲಾದವು. ಕೆಂಗೇರಿಗೆ ಒಲಿದವರು ತಾವು. ಇಲ್ಲಿಂದ ವೈಟ್‌ಫೀಲ್ಡ್‌ವರೆಗೆ 35 ಕಿಲೋಮೀಟರ್. 2022ರ ಜೂನ್ 20ರಂದು ಪ್ರಧಾನಿಯವರೇ ಶಂಕುಸ್ಥಾಪನೆ ಮಾಡಿ, 40 ವರ್ಷದ ಬಾಕಿಯನ್ನು 40 ತಿಂಗಳಲ್ಲಿ ತೀರಿಸುವ ಮಾತು ಕೊಟ್ಟಿದ್ದರು. ಆ ಗಡುವು 2025ರ ಅಕ್ಟೋಬರಿಗೆ ತುಂಬಿತು. ಮಲ್ಲಿಗೆಯ ಕಾಮಗಾರಿಯಾದರೂ ಶುರುವಾಯಿತು, ತಮ್ಮ ಸುಳಿವಿಲ್ಲ. ಸತ್ಯಭಾಮೆಯ ಅಂಗಳದಲ್ಲಿ ಪಾರಿಜಾತದ ಗಿಡ, ರುಕ್ಮಿಣಿಯ ಅಂಗಳದಲ್ಲಿ ಹೂವು ಎಂದು ಹಿಂದೆ ಜಗಳವಾಗಿತ್ತಂತೆ. ಇಲ್ಲಿ ಗಿಡವನ್ನೇ ನೆಟ್ಟಿಲ್ಲವಾದ್ದರಿಂದ ಎಲ್ಲರೂ ಸೌಹಾರ್ದದಿಂದಿದ್ದಾರೆ.

ಹಾಗೆಂದು ಕೆಂಗೇರಿಯವರು ಕೈಕಟ್ಟಿ ಕೂತಿಲ್ಲ. 2021ರ ಆಗಸ್ಟಿನಲ್ಲಿ ಮೆಟ್ರೊ ಬಂತು. 2023ರ ಅಕ್ಟೋಬರ್ 9ರಂದು ನೇರಳೆ ಮಾರ್ಗದ ಕೊಂಡಿ ಕೂಡಿಕೊಂಡ ಮೇಲೆ ವೈಟ್‌ಫೀಲ್ಡಿಗೂ ಒಂದೇ ಗಾಡಿ. ಬಿಎಂಟಿಸಿಯ ಬಸ್ ನಿಲ್ದಾಣವಿದೆ (ಟಿಟಿಎಂಸಿ), ಹಳೇ ರೈಲು ನಿಲ್ದಾಣವಿದೆ, ನೈಸ್ ರಸ್ತೆ ಇದೆ, ಮೈಸೂರಿಗೆ ಎಕ್ಸ್‌ಪ್ರೆಸ್‌ವೇ ಇದೆ. (ಬೈಕು, ಆಟೊದವರು 2023ರ ಆಗಸ್ಟ್ 1ರಿಂದ ಅದನ್ನು ಸರ್ವಿಸ್ ರಸ್ತೆಯಿಂದ ನೋಡಿ ಆನಂದಿಸಬಹುದು.) ಒಂದರಿಂದ ಇಳಿದು ಇನ್ನೊಂದನ್ನು ಹತ್ತುವುದೊಂದೇ ಕಷ್ಟ.

ಏಕೆಂದರೆ ಮೆಟ್ರೊ ನಿಗಮದ ಹೊಣೆ ಮೆಟ್ಟಿಲ ಬುಡಕ್ಕೆ ಮುಗಿಯುತ್ತದೆ, ರೈಲ್ವೆಯದು ಗೇಟಿಗೆ, ಬಿಎಂಟಿಸಿಯದು ಕಾಂಪೌಂಡಿಗೆ. ಮೈಸೂರು ಕಡೆಯ ಮೆಮು ರೈಲು ಇಳಿದು ಮೆಟ್ರೊಗೆ ಹೊರಟವರನ್ನು ತಾವೊಮ್ಮೆ ನೋಡಬೇಕು. ಹೆಗಲಿಗೆ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ. ಫುಟ್‌ಪಾತಿನಲ್ಲಿ ಒಂದು ಮಗ್ಗುಲು ಎದ್ದ ಚಪ್ಪಡಿ ದಾಟಿ, ಟ್ರಾನ್ಸ್‌ಫಾರ್ಮರ್ ಬಳಸಿ, ರಸ್ತೆಗಿಳಿದು ಮತ್ತೆ ಹತ್ತುತ್ತಾರೆ. ಅಷ್ಟರಲ್ಲಿ ಫುಟ್‌ಪಾತಿನ ಮೇಲೇ ಬಂದ ಸ್ಕೂಟರಿನವರು ‘ನೋಡ್ಕೊಂಡು ಹೋಗಿ ಸಾರ್’ ಎಂದು ಬುದ್ಧಿ ಹೇಳಿ ಮುಂದೆ ಸಾಗುತ್ತಾರೆ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಅದಕ್ಕೆ ಆಟೊ ಬಾಡಿಗೆಯನ್ನೂ ಕೂಡಿಸಿ ನೋಡಿದವರಿಗೆ ಮನೆ ಮುಂದಿನ ಬೈಕೇ ಅಗ್ಗವೆನಿಸಿದರೆ ಅವರ ತಪ್ಪೇನು?

ಫುಟ್‌ಪಾತು ಸರಿಮಾಡುವುದು ಗೊತ್ತಿಲ್ಲದ ವಿದ್ಯೆಯೇನಲ್ಲ. ಇದೇ ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ಟೆಂಡರ್‌ಶ್ಯೂರ್ ಹೆಸರಿನಲ್ಲಿ ಕೇಬಲ್ಲು, ಪೈಪುಗಳನ್ನು ಫುಟ್‌ಪಾತಿನಡಿ ಸೇರಿಸಿ, ಮೇಲೆ ಜನ ಆರಾಮಾಗಿ ನಡೆಯುವಂತೆ ಮಾಡಿದ್ದಾರೆ. ಆ ವಿದ್ಯೆ ಮೈಸೂರು ರಸ್ತೆಯಲ್ಲಿ ಇಷ್ಟು ದೂರ ಬರಲಿಲ್ಲ. ಅತ್ತ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಉತ್ಸಾಹ. ನೆಲದ ಮೇಲೆ ಚಪ್ಪಡಿ ಸರಿಯಾಗಿ ಕೂರದಿದ್ದರೆ ನೆಲದೊಳಗೆ ಇಳಿಯಬೇಕೆನಿಸುವುದು ಸಹಜ.

ಆದ್ದರಿಂದ ತಾವು ನಿಧಾನವಾಗಿಯೇ ಬನ್ನಿ. ಬರುವ ಮುನ್ನ ಉಪನಗರ ರೈಲು ಕಟ್ಟುವ ಕೆ-ರೈಡ್‌ನವರಿಗೆ ಹೇಳಿ, ನಿಲ್ದಾಣದ ನಕ್ಷೆಯಲ್ಲಿ ಮೆಟ್ರೊವರೆಗಿನ ಫುಟ್‌ಪಾತನ್ನೂ ಸೇರಿಸುವಂತೆ ಮಾಡಿ. ಅದರ ಶಂಕುಸ್ಥಾಪನೆಗೆ ಯಾರೂ ಬರದಿದ್ದರೂ ನಡೆಯುತ್ತದೆ.

ಇತಿ,
ಕೆಂಗೇರಿಯ ಪಾದಚಾರಿಗಳ ಪರವಾಗಿ